ಹರಿಹರದ ದಂಡು: ಸಿಪಾಯಿ ಯುದ್ಧಕ್ಕೆ ಹೋದರೆ ಮನೆಮಂದಿ ಎಲ್ಲಿರುತ್ತಿದ್ದರು?

ಇಯರ್‌ಫೋನ್ ಹಾಕ್ಕೊಂಡು ದಾವಣಗೆರೆ–ಹರಿಹರ ಬಸ್ಸಲ್ಲಿ ಕೂತಿರೋರಿಗೆ ಇವತ್ತಿನ ಎಪಿಸೋಡ್ ತುಂಬಾ ಹತ್ತಿರದ್ದು. ಹರಿಹರ ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಹರಿಹರೇಶ್ವರ ದೇವಸ್ಥಾನ, ತುಂಗಭದ್ರಾ ಸೇತುವೆ, ಕಿರ್ಲೋಸ್ಕರ್ ಫ್ಯಾಕ್ಟರಿ. ‘ದಂಡು’ ಅಂತ ಯಾರೂ ಹೇಳಲ್ಲ. ದಂಡು ಅಂದ್ರೆ ಬೆಂಗಳೂರಿನದು ಅಂತಲೇ ನಾವು ಅಂದ್ಕೊಂಡಿದ್ದೀವಿ.

ಆದರೆ ಹಳೆಯ ಗೆಜೆಟಿಯರ್ ತೆಗೆದು ನೋಡಿದ್ರೆ ಹರಿಹರದ ಬಗ್ಗೆ ಒಂದು ಸಣ್ಣ ಮಾತು ಸಿಗುತ್ತೆ. ಊರಿನಿಂದ ಎರಡು ಮೈಲಿ ವಾಯವ್ಯಕ್ಕೆ, 1865ರವರೆಗೆ ದೇಶಿ ಸಿಪಾಯಿಗಳ ಒಂದು ರೆಜಿಮೆಂಟ್ ಇತ್ತು ಅಂತ. ಈಗಿನ ಹಳೇ ಸೇತುವೆ ಮುಗಿದಿದ್ದು 1868ರಲ್ಲಿ. ಅಂದ್ರೆ ಸೇತುವೆ ಬರೋ ಮೊದಲೇ ದಂಡು ಖಾಲಿಯಾಗಿತ್ತು.

ಗೆಜೆಟಿಯರ್ ಅಷ್ಟಕ್ಕೇ ಮುಗಿಸುತ್ತೆ. ನನಗೆ ಮಾತ್ರ ಪ್ರಶ್ನೆ ಅಲ್ಲಿಂದ ಶುರುವಾಯ್ತು. ರೆಜಿಮೆಂಟ್ ಅಂದ್ರೆ ಬರೀ ಗಂಡಸರಾ? ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಎಲ್ಲಿದ್ರು?

ಬೆನ್ನ ಹಿಂದೆ ಒಂದು ಊರು

ನಮ್ಮ ಭಾಗದ ದಂಡುಗಳಲ್ಲಿ ಇದ್ದದ್ದು ಮದ್ರಾಸ್ ಸೈನ್ಯ. ಬಂಗಾಳ ಸೈನ್ಯದ ಸಿಪಾಯಿಗಳು ಸಾಮಾನ್ಯವಾಗಿ ಸಂಸಾರವನ್ನ ಹಳ್ಳಿಯಲ್ಲಿ ಬಿಟ್ಟು ಬರ್ತಿದ್ರು. ಮದ್ರಾಸ್ ಸಿಪಾಯಿ ಹಾಗಲ್ಲ, ರೆಜಿಮೆಂಟ್ ಎಲ್ಲಿಗೆ ಹೋದರೂ ಮನೆಮಂದಿಯನ್ನ ಜೊತೆಗೆ ಕರ್ಕೊಂಡು ಹೋಗ್ತಿದ್ದ. ಹಾಗಾಗಿ ಒಂದು ರೆಜಿಮೆಂಟ್ ಬಂತು ಅಂದ್ರೆ ಒಂದು ಊರೇ ಬಂದ ಹಾಗೆ.

ಆ ಕಾಲದ ದಂಡುಗಳ ನಕ್ಷೆ ಹೆಚ್ಚುಕಡಿಮೆ ಒಂದೇ ಥರ. ನಡುವೆ ಪೆರೇಡ್ ಮೈದಾನ. ಒಂದು ಕಡೆ ಅಧಿಕಾರಿಗಳ ಬಂಗಲೆಗಳು, ಒಂದೊಂದಕ್ಕೂ ದೊಡ್ಡ ಕಾಂಪೌಂಡ್. ಇನ್ನೊಂದು ಕಡೆ ಸಿಪಾಯಿಗಳ ಗುಡಿಸಲು, ಕಂಪನಿಗೊಂದು ಸಾಲು, ಸಾಲುಗಳ ನಡುವೆ ಓಣಿ. ಸಾಲಿನ ಮುಂದೆ ‘ಬೆಲ್ ಆಫ್ ಆರ್ಮ್ಸ್’ ಅನ್ನೋ ಪುಟ್ಟ ಕಟ್ಟಡ. ಬಂದೂಕುಗಳೆಲ್ಲ ಅದರೊಳಗೆ. ಸಿಪಾಯಿ ಮನೆಗೆ ಬಂದೂಕು ತರೋ ಹಾಗಿರಲಿಲ್ಲ.

ಈ ಸಾಲಿಗೇ ‘ಲೈನ್ಸ್’ ಅಂತಿದ್ರು. ನಾವು ಇವತ್ತಿಗೂ ‘ಪೊಲೀಸ್ ಲೈನ್’ ಅಂತೀವಲ್ಲ, ಅದೇ ಪದ ಇದು.

ಮನೆ ಕಟ್ಟಿದ್ದು ಯಾರು?

ಸರ್ಕಾರ ಕಟ್ಟಿಸಿ ಕೊಡ್ತಿತ್ತು ಅಂದ್ಕೊಂಡ್ರಾ? ಇಲ್ಲ. ಸರ್ಕಾರ ಕೊಡ್ತಿದ್ದದ್ದು ಜಾಗ, ಜೊತೆಗೆ ‘ಹಟ್ಟಿಂಗ್ ಮನಿ’ ಅಂತ ಸ್ವಲ್ಪ ದುಡ್ಡು. ಮಣ್ಣಿನ ಗೋಡೆ ಎಬ್ಬಿಸಿ, ಹುಲ್ಲೋ ಗರಿಯೋ ಹೊದಿಸಿ ಮನೆ ಮಾಡ್ಕೊಳ್ಳೋದು ಸಿಪಾಯಿಯ ಕೆಲಸ. ಆ ದುಡ್ಡು ಸಾಲದಿದ್ರೆ ಉಳಿದದ್ದು ಅವನ ಕೈಯಿಂದಲೇ. ವರ್ಗ ಆದ್ರೆ ಮುಂದೆ ಬರೋ ರೆಜಿಮೆಂಟಿನವರಿಗೆ ಮಾರಿ ಹೋಗೋದು ರೂಢಿ.

ಬ್ರಿಟಿಷ್ ಸೈನಿಕನ ಕಥೆ ಇದಕ್ಕೆ ಉಲ್ಟಾ. ಅವನಿಗೆ ಇಟ್ಟಿಗೆ-ಗಾರೆಯ ಬ್ಯಾರಕ್ ಇತ್ತು. ಆದರೆ ಅಧಿಕೃತವಾಗಿ ಹೆಂಡತಿ ಜೊತೆಗಿರೋ ಅವಕಾಶ ನೂರರಲ್ಲಿ ಕೆಲವರಿಗಷ್ಟೇ. ಆ ದಂಪತಿಗಳಿಗೂ 19ನೇ ಶತಮಾನದ ಮಧ್ಯದವರೆಗೆ ಎಷ್ಟೋ ಕಡೆ ಸಿಗ್ತಿದ್ದದ್ದು ಬ್ಯಾರಕ್ಕಿನ ಒಂದು ಮೂಲೆ. ಅಡ್ಡ ಒಂದು ಪರದೆ, ಅಷ್ಟೇ. ಗಟ್ಟಿ ಕಟ್ಟಡ ಇದ್ದವನಿಗೆ ಸಂಸಾರಕ್ಕೆ ಜಾಗ ಇಲ್ಲ, ಸಂಸಾರ ಇದ್ದವನಿಗೆ ಗಟ್ಟಿ ಕಟ್ಟಡ ಇಲ್ಲ.

ಯುದ್ಧ ಬಂದಾಗ

ನಿಜವಾದ ಕಷ್ಟ ಇಲ್ಲಿಂದ. 1824ರ ಮೊದಲ ಬರ್ಮಾ ಯುದ್ಧ, 1840ರ ಚೀನಾ ಯುದ್ಧ, 1852ರ ಎರಡನೇ ಬರ್ಮಾ ಯುದ್ಧ. ಮೂರಕ್ಕೂ ಮದ್ರಾಸ್ ಸೈನ್ಯದ ರೆಜಿಮೆಂಟುಗಳು ಹಡಗು ಹತ್ತಿದವು. ಸಮುದ್ರ ದಾಟೋ ಯುದ್ಧಕ್ಕೆ ಹೆಂಡತಿ-ಮಕ್ಕಳನ್ನ ಕರ್ಕೊಂಡು ಹೋಗೋಕಾಗಲ್ಲ. ಅವರ ಪಾಲಿಗೆ ಉಳಿದದ್ದು ಹಿಂದಿನ ಲೈನಿನ ಗುಡಿಸಲು ಅಥವಾ ನೆಂಟರ ಮನೆ.

ಹೊಟ್ಟೆಪಾಡಿಗೆ ಒಂದು ವ್ಯವಸ್ಥೆ ಇತ್ತು: ‘ಫ್ಯಾಮಿಲಿ ಸರ್ಟಿಫಿಕೇಟ್’. ಸಿಪಾಯಿಯ ಸಂಬಳದಲ್ಲಿ ಒಂದು ಪಾಲನ್ನ ಊರಲ್ಲಿರೋ ಮನೆಯವರಿಗೆ ಕೊಡ್ತಿದ್ರು. ಸಿಪಾಯಿಗಳ ಗಂಡುಮಕ್ಕಳನ್ನ ‘ರಿಕ್ರೂಟ್ ಬಾಯ್’ ಅಂತ ಸೇರಿಸ್ಕೊಂಡು ಸಣ್ಣ ಸಂಬಳನೂ ಕೊಡ್ತಿದ್ರು. ದಯೆಯೂ ಹೌದು, ಲೆಕ್ಕಾಚಾರವೂ ಹೌದು. ಇವತ್ತು ಲೈನಿನಲ್ಲಿ ಆಡೋ ಹುಡುಗನೇ ನಾಳೆಯ ಸಿಪಾಯಿ ಅಲ್ವಾ?

ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತೀಯ ಸೈನ್ಯ 25 ಲಕ್ಷ ದಾಟಿತು. ಅಷ್ಟು ಕುಟುಂಬಗಳಿಗೆ ಯಾವ ಕ್ವಾರ್ಟರ್ಸೂ ಸಾಲೋ ಹಾಗಿರಲಿಲ್ಲ. ಬಹುಪಾಲು ಸೈನಿಕರ ಮನೆಮಂದಿ ಹಳ್ಳಿಯಲ್ಲೇ ಇದ್ದು ಮನಿ ಆರ್ಡರ್‌ಗೆ ಕಾದರು.

ಈಗ

ಸೈನಿಕರ ಕುಟುಂಬಗಳಿಗೆ ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟೋ ಯೋಜನೆಗೆ ಕೇಂದ್ರ ಸರ್ಕಾರ ಕೈಹಾಕಿದ್ದು 2002ರ ಸುಮಾರಿಗೆ. ಯೋಧ ಗಡಿಗೆ ಹೋದಾಗ ಕುಟುಂಬ ಬೇರೆ ಉಳಿಯೋಕೆ ಅಂತಲೇ ಕೆಲವು ಸೇನಾ ನಗರಗಳಲ್ಲಿ ಪ್ರತ್ಯೇಕ ಕ್ವಾರ್ಟರ್ಸ್ ಇವೆ. ಆದರೆ ಆ ಮನೆಗಳು ಇರೋದು ದಂಡು ಇರೋ ಊರಲ್ಲಿ. ದಾವಣಗೆರೆ, ಹರಿಹರದಂಥ ಊರಲ್ಲಿ ಮಕ್ಕಳ ಸ್ಕೂಲು, ಅಪ್ಪ-ಅಮ್ಮನ ಆರೋಗ್ಯ ನೋಡ್ಕೊಂಡು ಇರೋ ಯೋಧನ ಹೆಂಡತಿಗೆ ಬಾಡಿಗೆ ಮನೆಯೋ ಸ್ವಂತ ಮನೆಯೋ ಗತಿ.

ನಾನು ಹೇಳ್ಬೇಕು ಅಂದ್ಕೊಂಡಿದ್ದು ಇಷ್ಟು: ಯುದ್ಧ ಅಂದ್ರೆ ನಾವು ಗಡಿಯನ್ನಷ್ಟೇ ನೋಡ್ತೀವಿ. ಆದರೆ ಪ್ರತಿ ಯುದ್ಧಕ್ಕೂ ಹಿಂದೆ ಒಂದು ಮನೆ ಇರುತ್ತೆ, ಅದರ ಬಾಡಿಗೆ, ಸೂರು, ರೇಷನ್ನು ಯಾರೋ ಒಬ್ಬರು ನಿಭಾಯಿಸ್ತಿರ್ತಾರೆ. ಹರಿಹರದ ದಂಡಿನ ಮಣ್ಣಿನ ಗೋಡೆಗಳು ಮಣ್ಣಿಗೆ ಸೇರಿವೆ. ಆ ಪ್ರಶ್ನೆ ಮಾತ್ರ ನಿಮ್ಮ ಬೀದಿಯ ಯಾವುದೋ ಮನೆಯಲ್ಲಿ ಇನ್ನೂ ಇರಬಹುದು. ಅಂಥ ಮನೆಯವರು ಬಾಡಿಗೆಗೆ ಮನೆ ಕೇಳ್ಕೊಂಡು ಬಂದ್ರೆ ‘ಯಜಮಾನ್ರು ಎಲ್ಲಿ?’ ಅಂತ ಅನುಮಾನದಿಂದ ನೋಡ್ಬೇಡಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.