ಉಗುರು ಊರಿದರೆ ಗುಳಿ ಬೀಳುವ ಮರ ಹಾರೀತೇ?

ಪ್ರಶ್ನೆ: ಮಗಳಿಗೆ ರೇಡಿಯೊ ನಿಯಂತ್ರಿತ ಟೈಗರ್ ಮಾತ್ ವಿಮಾನದ ಮರದ ಕಿಟ್ ತಂದಿದ್ದೇವೆ. ಮರ ತೀರಾ ಮೆದು. ತಡೆದೀತೇ?

ಉತ್ತರ: ಧಾರಾಳವಾಗಿ. ಅದು ಬಾಲ್ಸಾ, ಹೆಚ್ಚಾಗಿ ಇಕ್ವೆಡಾರ್‌ನಿಂದ ಬರುವ ಮರ. ಒಂದು ಘನ ಮೀಟರ್ ತೇಗ ಸುಮಾರು 650 ಕಿಲೋ ತೂಗಿದರೆ ಇದು 160ರ ಆಸುಪಾಸು. ಎಳೆಯ ಉದ್ದಕ್ಕೆ ಒಳ್ಳೆಯ ಬಲ, ಅಡ್ಡಕ್ಕೆ ಸುಲಭವಾಗಿ ಸೀಳುತ್ತದೆ. ಹಾಗಾಗಿ ಎಂಜಿನ್, ಚಕ್ರ ಕೂರುವಲ್ಲಿ ಪ್ಲೈವುಡ್ ಇರುತ್ತದೆ. ಎರಡನೇ ಮಹಾಯುದ್ಧದ ಮಾಸ್ಕಿಟೊ ವಿಮಾನದ ಮೈಯೇ ಪ್ಲೈವುಡ್ ನಡುವೆ ಬಾಲ್ಸಾ ಇಟ್ಟು ಮಾಡಿದ್ದು.

ನಿಮ್ಮನ್ನು ಸತಾಯಿಸುವುದು ಮರವಲ್ಲ, ಸಮತೋಲ. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್‌ನಲ್ಲಿ, ಮುಂದೆ ಕೂತವರು ಪ್ಯಾರಾಶೂಟ್ ಸಮೇತ ಹೊರಬರಲಿ ಎಂದು ಮೇಲಿನ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಸಮತೋಲ ಕೆಟ್ಟಿತು, ಸರಿಪಡಿಸಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಆ ಚಂದದ ಬಾಗಿನ ಗುಟ್ಟು ಇಷ್ಟೇ! ನಿಮ್ಮ ಮಾದರಿಯಲ್ಲೂ ಬಾಲ ಭಾರವಾದರೆ ಹಾರಾಟ ಕೈಗೆ ಸಿಗದು. ಬ್ಯಾಟರಿಯನ್ನು ಮೂತಿಯತ್ತ ತಳ್ಳಿ. ಸಾಲದಿದ್ದರೆ ಅಲ್ಲೇ ಸೀಸ ಸೇರಿಸಿ. ಎಡಬಲ ರೆಕ್ಕೆಗಳ ಕೋನ ಒಂದೇ ಇದೆಯೇ ಎಂದು ಅಂಟು ಒಣಗುವ ಮೊದಲೇ ಅಳೆಯಿರಿ.