ಕೈಸಲಿಕೆಯ ಕತ್ತು ನೋಡಿ ಕೊಳ್ಳಿ

‘ತುಕ್ಕು ಹಿಡಿಯುವುದಿಲ್ಲ ಎಂದು ಹೊಳೆಯುವ ಕೈಸಲಿಕೆ ತಂದೆ. ಗುಲಾಬಿಗೆ ಗುಂಡಿ ತೋಡುವಾಗಲೇ ಬಗ್ಗಿತು. ಸ್ಟೀಲ್ ಕಳಪೆಯೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ದೋಷ ಹೆಚ್ಚಾಗಿ ಆಕಾರದ್ದು. ಕಲ್ಲಿಗೆ ಸಿಕ್ಕ ಅಲಗನ್ನು ಮೀಟಿದಾಗ ಒತ್ತಡವೆಲ್ಲ ಬೀಳುವುದು ಅಲಗೂ ಹಿಡಿಯೂ ಕೂಡುವ ಕತ್ತಿನ ಮೇಲೆ. ತಗಡಿನ ದಪ್ಪ ಎರಡರಷ್ಟಾದರೆ ಬಾಗದಿರುವ ಬಿಗಿ 8 ಪಟ್ಟಾಗುತ್ತದೆ. ದಪ್ಪ ಹೆಚ್ಚಿಸದೆಯೂ ಬಿಗಿ ತರಬಹುದು. ಕಾಗದದ ಹಾಳೆಯ ಒಂದು ತುದಿ ಹಿಡಿದೆತ್ತಿ, ಜೋತುಬೀಳುತ್ತದೆ. ಅದನ್ನೇ ಉದ್ದುದ್ದಕ್ಕೆ ದೋಣಿಯಂತೆ ತುಸು ಬಾಗಿಸಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ಮೇಲೊಂದು ಪೆನ್ನಿಟ್ಟರೂ ಹೊರುತ್ತದೆ. ಕಾಗದ ಬದಲಾಗಿಲ್ಲ. ಆದರೆ ಅಂಚುಗಳು ಮೇಲೆದ್ದಿವೆ, ಹಾಳೆ ಬಾಗಬೇಕಾದರೆ ಈಗ ಅವು ಹಿಗ್ಗಲೇಬೇಕು. ಕಾಗದವಾಗಲಿ ಉಕ್ಕಾಗಲಿ ಹಿಗ್ಗಲು ಸುಲಭಕ್ಕೆ ಒಪ್ಪುವುದಿಲ್ಲ. ಒಳ್ಳೆಯ ಕೈಸಲಿಕೆಯಲ್ಲಿ ಈ ದೋಣಿಬಾಗು ಕತ್ತಿನವರೆಗೂ ಹರಿದಿರುತ್ತದೆ. ಅಗ್ಗದ್ದರಲ್ಲಿ ಅಲಗಿನಲ್ಲೇ ನಿಂತು, ಕತ್ತು ಚಪ್ಪಟೆ ಪಟ್ಟಿಯಾಗಿರುತ್ತದೆ. ಬಗ್ಗುವುದು ಅಲ್ಲೇ.

ಇನ್ನು ಹೊಳಪಿನ ಮಾತು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುವುದರಿಂದ ತುಕ್ಕು ತಡೆಯುತ್ತದೆ, ನಿಜ. ಆದರೆ ಪಾತ್ರೆಪಗಡಕ್ಕೆ ಬಳಸುವ ಬಗೆಯನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೂ ಅದು ಗಡುಸಾಗುವುದಿಲ್ಲ. ಹದ ಹಿಡಿಯುವುದು ಇಂಗಾಲದ ಉಕ್ಕು. ಅಂಥ ಉಕ್ಕನ್ನು ಮೂಸೆಯಲ್ಲಿ ಮಾಡುವ ವಿದ್ಯೆ ನಮ್ಮ ನೆಲದ್ದೇ ಎಂದು ನೆನೆದರೆ ನನಗೆ ಪುಳಕ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಂದಿಗೆ ತಂಗಡಿ ಗಿಡದ ಕಟ್ಟಿಗೆ ಇಟ್ಟು ಉಕ್ಕು ಮಾಡುವುದನ್ನು ಬರೆದಿಟ್ಟ. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಇಳಿಯುತ್ತಿತ್ತು. ‘ವೂಟ್ಸ್’ ಎಂದು ಹೆಸರಾದ ಈ ಭಾರತೀಯ ಉಕ್ಕನ್ನು 1819ರಲ್ಲಿ ಲಂಡನ್ನಿನಲ್ಲಿ ವಿಶ್ಲೇಷಿಸಿದವನು ಮೈಕೆಲ್ ಫ್ಯಾರಡೆ! ಇಂದು ಊರ ಕುಲುಮೆಗೆ ಲಾರಿಯ ಹಳೆಯ ಕಮಾನು ಪಟ್ಟಿ ಬರುತ್ತದೆ. ಅದೂ ಹದ ಹಿಡಿಯುವ ಉಕ್ಕೇ.

ಉಪಕರಣ ಎಷ್ಟೇ ಚೆನ್ನಾಗಿದ್ದರೂ ಹಸಿ ಎರೆಮಣ್ಣಿನಲ್ಲಿ ಗುಂಡಿ ತೋಡಬೇಡಿ. ಅಲಗು ಗೋಡೆಯನ್ನು ಸಾರಿಸಿದಂತೆ ನುಣುಪಾಗಿಸಿ ರಂಧ್ರಗಳನ್ನು ಮುಚ್ಚುತ್ತದೆ. ಎಳೆ ಬೇರು ಹೊರಗೆ ನುಗ್ಗಲಾರದೆ ಗುಂಡಿಯೊಳಗೇ ಸುತ್ತುತ್ತದೆ. ತೋಡಿಯಾಗಿದ್ದರೆ ಸಸಿ ಇಡುವ ಮೊದಲು ಗೋಡೆಯನ್ನು ಅಲ್ಲಲ್ಲಿ ಕೆದಕಿ. ಕೆಂಪುಮಣ್ಣು ಒಣಗಿ ಬಿಗಿದಿದ್ದರೆ ಕೈಸಲಿಕೆಯಿಂದ ಮೀಟದೆ, ಹಾರೆಯಿಂದ ಸಡಿಲಿಸಿಕೊಳ್ಳಿ.

ಐದಾರು ಉಪಕರಣಗಳ ಬಣ್ಣದ ಸೆಟ್ ಬೇಡ. ಮನೆಯ ಕೈತೋಟದಲ್ಲಿ ಸಸಿ ನೆಡಲು ಗಟ್ಟಿ ಕತ್ತಿನ ಒಂದು ಕೈಸಲಿಕೆ, ಜಾಲಿ ಕಾವಿನ ಒಂದು ಸಣ್ಣ ಗುದ್ದಲಿ ಸಾಕು. ಊರಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ದಯವಿಟ್ಟು ಅಲ್ಲೇ ಮಾಡಿಸಿ.