ಮೊದಲ ಡಿಎಸ್‌ಎಲ್‌ಆರ್: ಪಿಕ್ಸೆಲ್ ಎಣಿಸುವ ಮುನ್ನ ಬೆಳಕನ್ನು ಅಳೆಯಿರಿ

ಹವ್ಯಾಸಕ್ಕೆಂದು ಮೊದಲ ಡಿಎಸ್‌ಎಲ್‌ಆರ್ ಕೊಳ್ಳಲು ಹೊರಟವರು ಅಂಗಡಿಗೆ ಕಾಲಿಟ್ಟ ಕೂಡಲೇ ಕೇಳುವುದು ‘ಎಷ್ಟು ಮೆಗಾಪಿಕ್ಸೆಲ್?’ ಎಂದು. ಒಂದು ಕಾಲದಲ್ಲಿ ಆ ಪ್ರಶ್ನೆಗೆ ತೂಕವಿತ್ತು. 1999ರಲ್ಲಿ ಬಂದ ನಿಕಾನ್ ಡಿ1 ಕ್ಯಾಮೆರಾದಲ್ಲಿದ್ದದ್ದು ಬರೀ 27 ಲಕ್ಷ ಪಿಕ್ಸೆಲ್. 2003ರಲ್ಲಿ ಹವ್ಯಾಸಿಗಳ ಕೈಗೆಟುಕುವ ಬೆಲೆಗೆ ಬಂದ ಕ್ಯಾನನ್ 300ಡಿಯಲ್ಲಿ 63 ಲಕ್ಷ. ಆಗ ಒಂದೊಂದು ಲಕ್ಷಕ್ಕೂ ಬೆಲೆಯಿತ್ತು. ಈಗ ಲೆಕ್ಕ ಬೇರೆ. 12 ಇಂಚು ಉದ್ದ, 8 ಇಂಚು ಅಗಲದ ಚಿತ್ರವನ್ನು ಇಂಚಿಗೆ 300 ಚುಕ್ಕಿಯಂತೆ ನಯವಾಗಿ ಮುದ್ರಿಸಲು 86 ಲಕ್ಷ ಪಿಕ್ಸೆಲ್ ಸಾಕು. 2018ರ ನಿಕಾನ್ ಡಿ3500, ಕ್ಯಾನನ್ 1500ಡಿಯಂಥ ತೀರಾ ಆರಂಭಿಕ ಮಾದರಿಗಳಲ್ಲೇ 2 ಕೋಟಿ 40 ಲಕ್ಷ ಪಿಕ್ಸೆಲ್‌ಗಳಿವೆ. ಈ ವಿಚಾರ ಅಲ್ಲಿಗೆ ಮುಗಿಯಿತು. ನಿಜಕ್ಕೂ ಕೇಳಬೇಕಾದ್ದು, ಈ ಕ್ಯಾಮೆರಾದ ಒಳಗೆ ಎಷ್ಟು ಬೆಳಕು ಬರುತ್ತದೆ ಎಂದು.

ಬೆಳಕು ಫೋಟಾನ್ ಎಂಬ ಬಿಡಿಬಿಡಿ ಕಣಗಳಾಗಿ ಸೆನ್ಸರಿನ ಮೇಲೆ ಬೀಳುತ್ತದೆ. ಮಳೆ ಶುರುವಾದಾಗ ಅಂಗಳದ ಕಲ್ಲುಚಪ್ಪಡಿಗಳನ್ನು ಗಮನಿಸಿ. ಒಂದರ ಮೇಲೆ ನಾಲ್ಕು ಹನಿ, ಪಕ್ಕದ್ದರ ಮೇಲೆ ಒಂದು, ಅದರಾಚೆಯದು ಪೂರ್ತಿ ಒಣ. ಮಳೆ ಜೋರಾದ ಮೇಲೆ ಎಲ್ಲ ಚಪ್ಪಡಿಗಳೂ ಒಂದೇ ಸಮ ನೆನೆಯುತ್ತವೆ. ಪಿಕ್ಸೆಲ್‌ಗಳಿಗೂ ಇದೇ ಗತಿ. ಸರಾಸರಿ 100 ಫೋಟಾನ್ ಬೀಳುವ ಕಡೆ ಸುಮಾರು 10 ಹೆಚ್ಚುಕಡಿಮೆಯಾಗುತ್ತದೆ, ಅಂದರೆ ನೂರಕ್ಕೆ ಹತ್ತು ಪಾಲು ಏರುಪೇರು. 10,000 ಬಿದ್ದರೆ ಏರುಪೇರು 100, ಅಂದರೆ ನೂರಕ್ಕೆ ಒಂದೇ ಪಾಲು. ಮಬ್ಬು ಬೆಳಕಿನ ಫೋಟೊಗಳಲ್ಲಿ ಮರಳು ಎರಚಿದಂತೆ ಕಾಣುವ ನಾಯ್ಸ್‌ನ ಬಹುಪಾಲು ಬರುವುದು ಇಲ್ಲಿಂದ. ಎಷ್ಟೇ ದುಬಾರಿ ಎಲೆಕ್ಟ್ರಾನಿಕ್ಸ್ ತಂದು ಕೂರಿಸಿದರೂ ಈ ಏರುಪೇರು ಹೋಗುವುದಿಲ್ಲ, ಏಕೆಂದರೆ ಅದು ಬೆಳಕಿನದೇ ಸ್ವಭಾವ. ಐಎಸ್‌ಒ ಏರಿಸಿದರೆ ಚಿತ್ರ ಬೆಳ್ಳಗಾಗುತ್ತದೆ ನಿಜ, ಆದರೆ ಬಾರದ ಫೋಟಾನ್‌ಗಳನ್ನು ಐಎಸ್‌ಒ ತಂದುಕೊಡುವುದಿಲ್ಲ. ಬಂದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ, ಜೊತೆಗೆ ಆ ಮರಳನ್ನೂ.

ಹೆಚ್ಚು ಬೆಳಕು ಕೂಡಿಸಲು ಇರುವ ದಾರಿಗಳಲ್ಲಿ ಒಂದು, ಸೆನ್ಸರಿನ ವಿಸ್ತಾರ. ಫೋನ್‌ಗಳಲ್ಲಿ ಬರುವ ಅತಿ ದೊಡ್ಡವುಗಳಲ್ಲೊಂದಾದ, ‘ಒಂದು ಇಂಚು’ ಎಂದು ಕರೆಸಿಕೊಳ್ಳುವ ಸೆನ್ಸರಿನ ವಿಸ್ತೀರ್ಣ ಸುಮಾರು 116 ಚದರ ಮಿಲಿಮೀಟರ್. ಆರಂಭಿಕ ನಿಕಾನ್ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವ ಎಪಿಎಸ್-ಸಿ ಸೆನ್ಸರಿನದು 23.5 × 15.6 ಮಿಲಿಮೀಟರ್ ಲೆಕ್ಕದಲ್ಲಿ ಸುಮಾರು 367. ಕ್ಯಾನನ್‌ನದು ಇದಕ್ಕಿಂತ ತುಸು ಚಿಕ್ಕದು. ಹಳೆಯ ಫಿಲ್ಮಿನಷ್ಟೇ ದೊಡ್ಡದಾದ ಫುಲ್ ಫ್ರೇಮ್ ಸೆನ್ಸರಿನದು 864. ಫುಲ್ ಫ್ರೇಮ್ ಒಳ್ಳೆಯದೇ, ಆದರೆ ಅದರ ಬಾಡಿ, ಲೆನ್ಸ್ ಎರಡೂ ತುಟ್ಟಿ, ಎರಡೂ ಭಾರ. ಮೊದಲ ಕ್ಯಾಮೆರಾಗೆ ಎಪಿಎಸ್-ಸಿ ಧಾರಾಳವಾಗಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಗಲಿಗೆ ಭಾರವಾದ ಕ್ಯಾಮೆರಾ ಮನೆಯಲ್ಲೇ ಉಳಿದುಬಿಡುತ್ತದೆ.

ಎರಡನೆಯ ದಾರಿ ಲೆನ್ಸಿನ ಬಾಯಿ, ಅಂದರೆ ಅಪರ್ಚರ್. ಹೊಸಬರು ದುಡ್ಡು ಹಾಕಬೇಕಾದ ಜಾಗ ಇದೇ, ಹೆಚ್ಚಿನವರು ಹಾಕದೇ ಇರುವುದೂ ಇಲ್ಲೇ. ಲೆನ್ಸಿನ ಫೋಕಲ್ ಲೆಂತನ್ನು ಅಪರ್ಚರಿನ ವ್ಯಾಸದಿಂದ ಭಾಗಿಸಿದರೆ ಸಿಗುವುದು ಎಫ್ ಸಂಖ್ಯೆ. ಅದು ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಕ್ಯಾಮೆರಾ ಜೊತೆ ಕೊಡುವ 18-55 ಎಂಎಂ ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದಾಗ ಅದರ ಎಫ್ ಸಂಖ್ಯೆ 5.6, ಬಾಯಿ ಹೆಚ್ಚುಕಡಿಮೆ 10 ಮಿಲಿಮೀಟರ್. ಜೂಮ್ ಇಲ್ಲದ 50 ಎಂಎಂ ಎಫ್ 1.8 ಪ್ರೈಮ್ ಲೆನ್ಸಿನ ಬಾಯಿ ಸುಮಾರು 28 ಮಿಲಿಮೀಟರ್. ಸೆನ್ಸರಿನ ಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು!

ಈ ಹತ್ತು ಪಟ್ಟಿನ ಬೆಲೆ ಗೊತ್ತಾಗಬೇಕಾದರೆ ರಾತ್ರಿಯ ಯಕ್ಷಗಾನದ ಬಯಲಾಟಕ್ಕೆ ಹೋಗಬೇಕು. ರಂಗದ ದೀಪದಲ್ಲಿ ಕಿಟ್ ಲೆನ್ಸಿಗೆ ಶಟರ್ 1/15 ಸೆಕೆಂಡ್ ತೆರೆದಿರಬೇಕು ಎಂದಿಟ್ಟುಕೊಳ್ಳಿ. ಅಷ್ಟು ಹೊತ್ತಿನಲ್ಲಿ ಗಿರಕಿ ಹೊಡೆಯುವ ವೇಷದ ಕಿರೀಟ, ಭುಜಕೀರ್ತಿ, ಸೆರಗು ಎಲ್ಲ ಕಲಸಿ ಬಣ್ಣದ ಪಟ್ಟಿಯಾಗುತ್ತವೆ. ಕ್ಯಾಮೆರಾ ಅಲುಗದಂತೆ ಸ್ಟ್ಯಾಂಡಿಗೆ ಕಟ್ಟಿದರೂ ಪ್ರಯೋಜನವಿಲ್ಲ, ಅಲುಗುತ್ತಿರುವುದು ವೇಷಧಾರಿ. ಎಫ್ 1.8 ಲೆನ್ಸ್ ಹಾಕಿದರೆ ಅದೇ ದೀಪಕ್ಕೆ, ಅದೇ ಐಎಸ್‌ಒಗೆ ಸುಮಾರು 1/150 ಸೆಕೆಂಡ್ ಸಾಕು. ಹಣೆಯ ನಾಮ, ಕಣ್ಣಂಚಿನ ಕಾಡಿಗೆಯ ಗೆರೆ, ಗಲ್ಲದ ಮೇಲೆ ಬೆವರು ಒಡೆದ ಬಣ್ಣ ಇವೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಬಾಡಿಯನ್ನು ಬದಲಾಯಿಸದೆಯೇ ಆದ ವ್ಯತ್ಯಾಸ ಇದು.

ಆದ್ದರಿಂದ ನನ್ನ ಸಲಹೆ ನೇರವಾದದ್ದು. ಕೈಯಲ್ಲಿರುವ ಹಣವನ್ನೆಲ್ಲ ಬಾಡಿಯ ಮೇಲೆ ಸುರಿಯಬೇಡಿ. ಒಂದೆರಡು ಮೆಟ್ಟಿಲು ಕೆಳಗಿನ ಮಾದರಿ ತೆಗೆದುಕೊಳ್ಳಿ, ಉಳಿದದ್ದರಲ್ಲಿ 35 ಅಥವಾ 50 ಎಂಎಂ ಪ್ರೈಮ್ ಲೆನ್ಸ್ ಕೊಳ್ಳಿ. ಎಪಿಎಸ್-ಸಿ ಸೆನ್ಸರಿನಲ್ಲಿ 50 ಎಂಎಂ ಲೆನ್ಸ್ ಮುಖಚಿತ್ರಗಳಿಗೆ ಚೆನ್ನ. ಮನೆಯೊಳಗೆ, ಬೀದಿಯಲ್ಲಿ ಓಡಾಡುತ್ತ ತೆಗೆಯುವವರಿಗೆ 35 ಹೆಚ್ಚು ಒಗ್ಗುತ್ತದೆ. ಬಾಡಿ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಲೆನ್ಸ್ ಹಾಗಲ್ಲ. ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ಮೌಂಟ್‌ಗಳನ್ನೇ ನೋಡಿ: ನಿಕಾನ್‌ನ ಎಫ್ ಮೌಂಟ್ ಶುರುವಾದದ್ದು 1959ರಲ್ಲಿ, ಕ್ಯಾನನ್‌ನ ಇಎಫ್ ಮೌಂಟ್ 1987ರಲ್ಲಿ. ದಶಕಗಳ ಹಿಂದಿನ ಗಾಜು ಇವತ್ತಿಗೂ ಕೆಲಸ ಮಾಡುತ್ತದೆ.

ಇಲ್ಲೊಂದು ತೊಡಕಿದೆ, ನಿಕಾನ್ ಕೊಳ್ಳುವವರು ಗಮನಿಸಬೇಕು. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. 50 ಎಂಎಂ 1.8ಡಿಯಂಥ ಹಳೆಯ ಲೆನ್ಸನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ಹಾಕಿದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕಾಗುತ್ತದೆ. ಲೆನ್ಸಿನೊಳಗೇ ಮೋಟರ್ ಇರುವ 1.8ಜಿ ಕೇಳಿ ಪಡೆಯಿರಿ. ಕ್ಯಾನನ್ ಇಎಫ್ ಲೆನ್ಸ್‌ಗಳಿಗೆ ಈ ರಗಳೆಯಿಲ್ಲ.

ಹಕ್ಕಿಗಳ ಫೋಟೊ ತೆಗೆಯಲೆಂದೇ ಕ್ಯಾಮೆರಾ ಕೊಳ್ಳುವವರು ನಮ್ಮಲ್ಲಿ ಬಹಳ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟ ಕಾಡುಗಳಲ್ಲಿ ಫಿಲ್ಮ್ ಕಾಲದಲ್ಲೇ ಹತ್ತಿಸಿದ ಹುಚ್ಚು ಅದು. ಹಕ್ಕಿಗಳ ಬೆನ್ನು ಹತ್ತಿದವರಿಗೆ ಪ್ರೈಮ್ ಲೆನ್ಸಿನ ಸಲಹೆ ಹೊಂದುವುದಿಲ್ಲ, ಖರ್ಚೂ ಬೇರೆ ಮಟ್ಟದ್ದು. ಕಾರಣ ಮತ್ತೆ ಅದೇ ಭಾಗಾಕಾರ. 500 ಎಂಎಂ ಲೆನ್ಸಿಗೆ ಎಫ್ 5.6 ಸಿಗಬೇಕಾದರೆ ಬಾಯಿ 89 ಮಿಲಿಮೀಟರ್ ಅಗಲವಿರಬೇಕು, ಅಷ್ಟು ದೊಡ್ಡ ಗಾಜನ್ನು ತಪ್ಪಿಲ್ಲದೆ ತಿದ್ದಬೇಕು. ನಿಕಾನ್‌ನ 200-500 ಎಂಎಂ ಲೆನ್ಸ್ 2.3 ಕಿಲೊ ತೂಗುವುದು ಇದಕ್ಕೇ. ಶುರುವಿಗೆ 70-300 ಎಂಎಂ ಜೂಮ್ ಸಾಕು. ಸೆನ್ಸರ್ ಚಿಕ್ಕದಾದ್ದರಿಂದ ಅದರ 300 ಎಂಎಂ ಫುಲ್ ಫ್ರೇಮಿನ 450ರಷ್ಟು ಹತ್ತಿರ ತೋರಿಸುತ್ತದೆ. ರಂಗನತಿಟ್ಟಿನ ದೋಣಿಯಿಂದ ತೆಗೆಯಲು ಅದು ಧಾರಾಳ.

ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿರುವಾಗ ಡಿಎಸ್‌ಎಲ್‌ಆರ್ ಏಕೆ ಎಂದು ಕೇಳಬಹುದು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿ ಬೆಳಕನ್ನು ಮೇಲೆ ಕಳಿಸಿ, ದೃಶ್ಯವನ್ನೇ ನೇರ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದಾಗ ಅದು ಟಪ್ಪನೆ ಮೇಲಕ್ಕೆ ಸರಿದು ಬೆಳಕನ್ನು ಸೆನ್ಸರಿಗೆ ಬಿಡುತ್ತದೆ. ನೋಡುವುದಕ್ಕೆ ಪರದೆ ಬೇಡವಾದ್ದರಿಂದ ಬ್ಯಾಟರಿ ಬಹಳ ಬಾಳುತ್ತದೆ: ಡಿ3500ರ ಒಂದು ಚಾರ್ಜಿಗೆ ಕಂಪನಿ ಹೇಳುವ ಲೆಕ್ಕ 1,550 ಚಿತ್ರ. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಹೊಸ ಮಿರರ್‌ಲೆಸ್ ಮೌಂಟ್ ಶುರುಮಾಡಿ ಅತ್ತಲೇ ವಾಲಿದ್ದರಿಂದ ಹೊಸ ಡಿಎಸ್‌ಎಲ್‌ಆರ್ ಮಾದರಿಗಳು ಬರುವುದು ನಿಂತೇ ಹೋದಂತಾಗಿದೆ. ವಿಡಿಯೊ ಮುಖ್ಯವಾದವರು ಮಿರರ್‌ಲೆಸ್ ನೋಡಲಿ. ಫೋಟೊ ಕಲಿಯಲು ಬಂದವರಿಗೆ ಮಾತ್ರ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್‌ನಲ್ಲಿ ಒಳ್ಳೆಯ ಅವಕಾಶವಿದೆ. ಇಂದು ಕೊಂಡ ಲೆನ್ಸನ್ನು ನಾಳೆ ಅಡಾಪ್ಟರ್ ಹಾಕಿ ಅದೇ ಕಂಪನಿಯ ಮಿರರ್‌ಲೆಸ್ ಬಾಡಿಗೂ ಜೋಡಿಸಬಹುದು.

ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳುವಾಗ ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಿ. ಆರಂಭಿಕ ನಿಕಾನ್‌ಗಳ ಶಟರನ್ನು ಒಂದು ಲಕ್ಷ ಸಲದವರೆಗೆ ಪರೀಕ್ಷಿಸಿರುತ್ತಾರೆ, ಫೋಟೊ ಫೈಲಿನೊಳಗೇ ಆ ಎಣಿಕೆ ಸಿಗುತ್ತದೆ. ಎಫ್ 16 ಇಟ್ಟು ಬರೀ ಆಕಾಶದ ಫೋಟೊ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಅದನ್ನು ಸ್ವಚ್ಛ ಮಾಡಿಸಬಹುದು, ಹೆದರಬೇಕಿಲ್ಲ.

ಹೆದರಬೇಕಾದ್ದು ಲೆನ್ಸಿನೊಳಗಿನ ಬೂಷ್ಟಿಗೆ. ಲೆನ್ಸ್ ಕಳಚಿ, ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿದು ಮುಂದಿನಿಂದ ಓರೆಯಾಗಿ ನೋಡಿ. ನಿಕಾನ್ ಜಿ ಲೆನ್ಸ್ ಕಳಚಿದಾಗ ಅಪರ್ಚರ್ ಮುಚ್ಚಿಕೊಂಡಿರುತ್ತದೆ, ಹಿಂಬದಿಯ ಸಣ್ಣ ಲೋಹದ ಕಡ್ಡಿಯನ್ನು ಬೆರಳಿನಿಂದ ಸರಿಸಿ ಹಿಡಿದರೆ ತೆರೆಯುತ್ತದೆ. ಒಂದೆರಡು ಧೂಳಿನ ಕಣ ಇದ್ದರೆ ಚಿತ್ರಕ್ಕೆ ಏನೂ ಆಗದು. ಅಂಚಿನಿಂದ ಒಳಕ್ಕೆ ಕವಲೊಡೆದು ಹಬ್ಬಿದ ಬಿಳಿ ಎಳೆಗಳು ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಅದು ಶಿಲೀಂಧ್ರ. ಅದು ಸ್ರವಿಸುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ, ಹಾಗೆ ಹೋದ ಲೇಪ ಮತ್ತೆ ಬರುವುದಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ನಮ್ಮ ಲೆನ್ಸಿಗೂ ಇದು ತಪ್ಪಿದ್ದಲ್ಲ. ಚರ್ಮದ ಚೀಲದಲ್ಲೋ ಬೀರುವಿನಲ್ಲೋ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಪಕ್ಕದಲ್ಲೊಂದು ಪುಟ್ಟ ತೇವಮಾಪಕ ಇರಲಿ. ತೇವಾಂಶ 40ರಿಂದ 50 ಪ್ರತಿಶತದ ನಡುವೆ ನಿಂತರೆ ಸರಿ. ಜೆಲ್ ಹರಳು ನೀಲಿಯಿಂದ ಗುಲಾಬಿಗೆ ತಿರುಗಿದರೆ ಬಿಸಿಮಾಡಿ ಮತ್ತೆ ಬಳಸಬಹುದು, ಆದರೆ ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅದಕ್ಕೆಂದೇ ಒಂದು ಹಳೆಯ ಪಾತ್ರೆ ಬೇರೆ ಇಟ್ಟುಕೊಳ್ಳಿ.